ಹಂದಿ ಗಾಡಿ ಏರದಿದ್ದರೆ ಮೊದಲು ರ‍್ಯಾಂಪ್ ನೋಡಿ

ಕಲಬುರಗಿ, ಬೀದರ, ಯಾದಗಿರಿ ಕಡೆ ಹಂದಿ ಶೆಡ್ ಕಟ್ಟಲು ಹೊರಟವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಮರಿ ಎಲ್ಲಿ ಸಿಗುತ್ತವೆ, ಮೇವಿಗೆ ಎಷ್ಟು ಬೀಳುತ್ತದೆ, ಸಬ್ಸಿಡಿ ಯಾವಾಗ ಕೈಗೆ ಬರುತ್ತದೆ, ಕಿಲೋಗೆ ಎಷ್ಟು ಕೊಡುತ್ತಾರೆ. ಆರೇಳು ತಿಂಗಳು ಸಾಕಿದ ಹಂದಿಯನ್ನು ಶೆಡ್ಡಿನಿಂದ ಗಾಡಿಗೆ ಹೇಗೆ ಏರಿಸುತ್ತೀರಿ ಅಂತ ಕೇಳಿ ನೋಡಿ. "ಅದ್ರಾಗೇನದ, ನಾಲ್ಕು ಮಂದಿ ಹಿಡಿದು ಹಾಕಿದ್ರಾಯ್ತು" ಅನ್ನುವ ಉತ್ತರ ಬರುತ್ತದೆ. ಈ ಉತ್ತರದಲ್ಲೇ ನಷ್ಟ ಕೂತಿದೆ. ಹಂದಿ ಸಾಯುವುದು, ಕಾಲು ಮುರಿದುಕೊಳ್ಳುವುದು, ಹಮಾಲರ ಮಂಡಿ ಹೋಗುವುದು, ಮಾಂಸ ಕೆಡುವುದು, ಇಷ್ಟೂ ಆ ಅರ್ಧ ಗಂಟೆಯಲ್ಲಿ ಆಗಬಲ್ಲವು. ಆಮೇಲೆ ತಪ್ಪು ಹಂದಿಯ ತಲೆಗೆ ಹೋಗುತ್ತದೆ: ಹಟಮಾರಿ, ಮೊಂಡ, ಏರಲೇ ಇಲ್ಲ ಅಂತ. ನಾನು ಹೇಳಬೇಕೆಂದಿರುವುದು ಇಷ್ಟು. ಹಂದಿ ಏರದೇ ಇರುವುದಕ್ಕೆ ಕಾರಣ ಬಹುಪಾಲು ನೆಲದಲ್ಲಿ, ಬೆಳಕಿನಲ್ಲಿ, ಹೊತ್ತಿನಲ್ಲಿ ಮತ್ತು ವ್ಯಾಪಾರದ ಮಾತುಕತೆಯಲ್ಲಿ ಇರುತ್ತದೆ. ಇವೆಲ್ಲ ನಮ್ಮ ಕೈಯಲ್ಲೇ ಇರುವಂಥವು.

ಮೊದಲು ದುಡ್ಡಿನ ಮಾತು. ಒಂದು ಕಿಲೋ ತೂಕ ಕಟ್ಟಲು ಹಂದಿ ಸುಮಾರು 3 ಕಿಲೋ ಮೇವು ತಿನ್ನುತ್ತದೆ. 90 ಕಿಲೋ ಆಗುವ ಹೊತ್ತಿಗೆ 250 ಕಿಲೋಗಿಂತ ಜಾಸ್ತಿ ಮೇವು ಅದರ ಹೊಟ್ಟೆಗೆ ಹೋಗಿರುತ್ತದೆ. ಅದು ಮೆಕ್ಕೆಜೋಳ ಇರಲಿ, ಕಲಬುರಗಿ ದಾಲ್ ಮಿಲ್ಲಿನಲ್ಲಿ ಬೇಳೆ ಮಾಡಿ ಉಳಿದ ತೊಗರಿ ಚುನ್ನಿ ಇರಲಿ, ದುಡ್ಡು ದುಡ್ಡೇ. ಮರಿ ಸತ್ತರೆ ಮರಿಯ ಬೆಲೆ ಹೋಗುತ್ತದೆ. ಗಾಡಿಗೆ ಹತ್ತಿಸುವ ಇಳಿಜಾರು ದಾರಿಯಾದ ರ‍್ಯಾಂಪಿನ ಮೇಲೆ ಸತ್ತರೆ ಮರಿ, ಮೇವು, ಔಷಧಿ, ಕೂಲಿ, ಆರು ತಿಂಗಳ ದುಡಿಮೆ ಎಲ್ಲಾ ಒಟ್ಟಿಗೆ ಹೋಗುತ್ತದೆ. ಸಾಯದೇ ಉಳಿದರೂ ನಷ್ಟ ತಪ್ಪುವುದಿಲ್ಲ. ಕೋಲಿನ ಪೆಟ್ಟು ಬಿದ್ದ ಕಡೆ ಮಾಂಸದಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ, ಆ ಭಾಗ ಕೊಯ್ದು ಬಿಸಾಡಬೇಕು. ಕಡಿಯುವ ಸ್ವಲ್ಪ ಮೊದಲು ಹೆದರಿ ಓಡಾಡಿದ ಹಂದಿಯ ಸ್ನಾಯುಗಳಲ್ಲಿ ಆಮ್ಲ ಬೇಗ ಏರುತ್ತದೆ, ದೇಹ ಇನ್ನೂ ಬಿಸಿ ಇರುವಾಗಲೇ. ಹಾಗಾದಾಗ ಮಾಂಸ ಬಿಳಚಿಕೊಂಡು, ಮೆತ್ತಗಾಗಿ, ನೀರು ಬಿಡುತ್ತದೆ. ಅಂಗಡಿಯವರು ಇದನ್ನು ಕಣ್ಣಲ್ಲೇ ಗುರುತಿಸುತ್ತಾರೆ, ಮುಂದಿನ ಸಲ ಅದೇ ಶೆಡ್ಡಿನ ಹಂದಿಗೆ ಕಿಲೋಗೆ ಎರಡು ರೂಪಾಯಿ ಕಡಿಮೆ ಹೇಳುತ್ತಾರೆ. ಯಾಕೆ ಕಡಿಮೆ ಆಯ್ತು ಅನ್ನುವುದು ಸಾಕಿದವನಿಗೆ ಗೊತ್ತೇ ಆಗುವುದಿಲ್ಲ.

ಹಂದಿಯ ದೇಹವನ್ನು ಸ್ವಲ್ಪ ತಿಳಿದುಕೊಂಡರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಹಂದಿ ನಮ್ಮ ಹಾಗೆ ಬೆವರುವುದಿಲ್ಲ. ಮೈಯ ಬಿಸಿ ಇಳಿಸಲು ಅದಕ್ಕೆ ಇರುವುದು ಎರಡೇ ದಾರಿ: ಜೋರಾಗಿ ಉಸಿರಾಡುವುದು, ಇಲ್ಲವೇ ನೀರು ಕೆಸರಿನಲ್ಲಿ ಹೊರಳುವುದು. ಅದರ ಮೈಯ ತೂಕಕ್ಕೆ ಹೋಲಿಸಿದರೆ ಹೃದಯವೂ ಶ್ವಾಸಕೋಶವೂ ಚಿಕ್ಕವು. ಆರು ತಿಂಗಳು ಗೂಡಿನಲ್ಲೇ ತಿಂದು ಮಲಗಿದ ಪ್ರಾಣಿಯನ್ನು ಒಮ್ಮೆಲೇ ಹೊರಗೆಳೆದು, ಕೂಗಿ, ಓಡಿಸಿ, ಏರು ಹತ್ತಿಸಿದರೆ ಅದು ತಡೆಯಬೇಕು ಹೇಗೆ? ಮೊದಲ ಗುರುತು ಬಾಯಿ ತೆರೆದು ಉಸಿರಾಡುವುದು. ಆಮೇಲೆ ಬಿಳಿ ಹಂದಿಯ ಚರ್ಮದ ಮೇಲೆ ಕೆಂಪು ನೇರಳೆ ಮಚ್ಚೆಗಳು. ಆಮೇಲೆ ಮೈ ನಡುಗುತ್ತದೆ, ಕೂತುಬಿಡುತ್ತದೆ, ಏಳುವುದಿಲ್ಲ. ಇಲ್ಲೇ ನಮ್ಮವರು ದೊಡ್ಡ ತಪ್ಪು ಮಾಡುವುದು. ಕೂತ ಹಂದಿಗೆ ಇನ್ನೆರಡು ಏಟು ಬೀಳುತ್ತವೆ, ಬಾಲ ತಿರುವುತ್ತಾರೆ, ಕಿವಿ ಹಿಡಿದು ಎಳೆಯುತ್ತಾರೆ. ಅದನ್ನು ನೆರಳಿನಲ್ಲಿ, ಗಾಳಿ ಆಡುವ ಕಡೆ, ಉಳಿದ ಹಂದಿಗಳಿಂದ ದೂರ ಸುಮ್ನೆ ಬಿಟ್ಟರೆ ಸಾಕು, ಒಂದೆರಡು ಗಂಟೆಯಲ್ಲಿ ಬಹಳಷ್ಟು ಹಂದಿಗಳು ಎದ್ದು ನಿಲ್ಲುತ್ತವೆ. ಬಡಿದರೆ ಸಾಯುತ್ತವೆ. ಬಿಸಿಯಾದ ಮೈ ಮೇಲೆ ಒಮ್ಮೆಲೇ ಕೊಡಗಟ್ಟಲೆ ತಣ್ಣೀರು ಸುರಿಯುವುದೂ ಒಳ್ಳೆಯದಲ್ಲ, ಆಘಾತಕ್ಕೆ ಸಾಯಬಹುದು. ಅದರ ಸುತ್ತಲ ನೆಲ ತೋಯಿಸಿ, ಗಾಳಿ ಬೀಸಿ, ಮೈಗೆ ಸ್ವಲ್ಪಸ್ವಲ್ಪವೇ ನೀರು ಚಿಮುಕಿಸಿ.

ನಮ್ಮ ಮೂರು ಜಿಲ್ಲೆಯ ಬಿಸಿಲನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಯಾದಗಿರಿಯಲ್ಲೂ ಕಡಿಮೆಯೇನಿಲ್ಲ, ಬೀದರ ಎತ್ತರದಲ್ಲಿರುವುದರಿಂದ ಒಂದಷ್ಟು ವಾಸಿ ಅಷ್ಟೇ. ಮಾರಾಟದ ತೂಕಕ್ಕೆ ಬಂದ ಹಂದಿಗೆ 25 ಡಿಗ್ರಿ ದಾಟಿದರೇ ಸೆಕೆ ಶುರುವಾಗುತ್ತದೆ. ಅಂದರೆ ನಮ್ಮಲ್ಲಿ ವರ್ಷದ ಬಹುಪಾಲು ಹಗಲು ಅದಕ್ಕೆ ಕಷ್ಟದ ಹೊತ್ತೇ. ಆದರೂ ಲೋಡಿಂಗ್ ನಡೆಯುವುದು ಯಾವಾಗ? ವ್ಯಾಪಾರಿಯ ಗಾಡಿ ಬಂದಾಗ. ಅದು ಬೆಳಗ್ಗೆ 10ಕ್ಕೆ ಬರಬಹುದು, ಮಧ್ಯಾಹ್ನ 1ಕ್ಕೂ ಬರಬಹುದು. "ಲಗೂನ ಏರ್ಸ್ರಿ, ಬಿಸ್ಲಾತು" ಅನ್ನುವ ಕೂಗಾಟ ಶುರುವಾಗುತ್ತದೆ. ಬಿಸಿಲಿನ ಜೊತೆ ಅವಸರವೂ ಸೇರಿದರೆ ಸಾವು ಖಂಡಿತ ಅಂತಲೇ ತಿಳಿಯಿರಿ. ಬೇಸಿಗೆಯಲ್ಲಿ ಬೆಳಗಿನ ಜಾವ 4ರಿಂದ 6ರೊಳಗೆ ಲೋಡ್ ಮುಗಿಯಬೇಕು. ಇಲ್ಲವಾದರೆ ರಾತ್ರಿ 9ರ ನಂತರ, ನೆಲ ತಣ್ಣಗಾದ ಮೇಲೆ. ಆ ಹೊತ್ತಿಗೆ ಗಾಡಿ ಬಂದಿಲ್ಲ ಅಂದರೆ ಅವತ್ತು ಲೋಡ್ ಇಲ್ಲ ಅಂತ ಹೇಳುವ ಧೈರ್ಯ ರೈತನಿಗೆ ಬೇಕು. ಅದಕ್ಕೆ ಮುಂಚೆಯೇ ಮಾತಾಗಿರಬೇಕು, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಈಗ ಹಂದಿಯ ಕಣ್ಣು. ಈ ವಿಷಯ ಗೊತ್ತಾದ ಮೇಲೆ ನಾನು ಲೋಡಿಂಗ್ ನೋಡುವ ರೀತಿಯೇ ಬದಲಾಯಿತು. ಹಂದಿಗೆ ತಲೆ ತಿರುಗಿಸದೆಯೇ ಸುತ್ತಲ ಸುಮಾರು 310 ಡಿಗ್ರಿ ಕಾಣುತ್ತದೆ, ಬೆನ್ನ ಹಿಂದಿನ ಸ್ವಲ್ಪ ಜಾಗ ಬಿಟ್ಟು. ಆದರೆ ಆಳ ಎತ್ತರದ ಅಂದಾಜು ಅದಕ್ಕೆ ಚೆನ್ನಾಗಿ ಸಿಗುವುದಿಲ್ಲ. ನೆಲದ ಮೇಲೆ ಬಿದ್ದ ಕಪ್ಪು ನೆರಳು ಅದಕ್ಕೆ ತಗ್ಗಿನಂತೆ ಕಾಣಬಹುದು. ನೀರು ನಿಂತ ಹೊಳಪು, ಚರಂಡಿಯ ಜಾಲರಿ, ಬಾಗಿಲಿಗೆ ತೂಗುಬಿದ್ದ ಚೀಲ, ಗಾಳಿಗೆ ಅಲ್ಲಾಡುವ ಹಗ್ಗ, ಸಿಮೆಂಟು ಮುಗಿದು ಮಣ್ಣು ಶುರುವಾಗುವ ಗೆರೆ, ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಅಲ್ಲೇ ನಿಂತುಬಿಡುತ್ತದೆ. ಮೂಸಿ ನೋಡಬೇಕು ಅದಕ್ಕೆ. ಹತ್ತು ಸೆಕೆಂಡು ಬಿಟ್ಟರೆ ಮೂಸಿ ಮುಂದೆ ಹೋಗುತ್ತದೆ. ಹಿಂದಿನಿಂದ ನೂಕಿದರೆ ತಿರುಗಿ ನಿಮ್ಮ ಕಾಲ ಸಂದಿಯಿಂದ ನುಗ್ಗುತ್ತದೆ. ಅಮೆರಿಕದ ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯ ಪ್ರಾಧ್ಯಾಪಕಿ ಟೆಂಪಲ್ ಗ್ರ್ಯಾಂಡಿನ್ ದನ ಓಡಿಸುವ ದಾರಿಗಳೊಳಗೆ ತಾವೇ ಇಳಿದು, ದನದ ಕಣ್ಣಿನ ಎತ್ತರಕ್ಕೆ ಬಗ್ಗಿ, ಅವು ಯಾವುದಕ್ಕೆ ಹೆದರುತ್ತವೆ ಅಂತ ಹುಡುಕಿದವರು. ಇದಕ್ಕೆ ಖರ್ಚೇ ಇಲ್ಲ. ಲೋಡಿನ ಹಿಂದಿನ ದಿನ ಅದೇ ಹೊತ್ತಿಗೆ ಶೆಡ್ಡಿನ ಬಾಗಿಲಲ್ಲಿ ಮೊಣಕಾಲೂರಿ ಕೂತು ಗಾಡಿ ನಿಲ್ಲುವ ಕಡೆ ನೋಡಿ. ಎಷ್ಟು ಸಾಮಾನು ದಾರಿಗೆ ಅಡ್ಡ ಇದೆ ಅಂತ ನಿಮಗೇ ತಿಳಿಯುತ್ತದೆ.

ಬೆಳಕಿನದೂ ಹಾಗೆಯೇ. ಕತ್ತಲಿಂದ ಬೆಳಕಿನ ಕಡೆ ಹಂದಿ ಸಲೀಸಾಗಿ ಹೋಗುತ್ತದೆ, ಬೆಳಕಿಂದ ಕತ್ತಲ ಡಬ್ಬಿಯೊಳಗೆ ಹೋಗಲು ಹಿಂಜರಿಯುತ್ತದೆ. ತಾಡಪಾಲು ಹೊದಿಸಿದ ಗಾಡಿಯ ಒಳಗೆ ಒಂದು ಸಣ್ಣ ಬಲ್ಬ್ ಹಚ್ಚಿಟ್ಟರೆ ಅರ್ಧ ಕೆಲಸ ಮುಗಿಯಿತು. ಆದರೆ ಬಲ್ಬು ಅದರ ಕಣ್ಣಿಗೆ ಹೊಡೆಯಬಾರದು, ಮೇಲಿನಿಂದ ನೆಲಕ್ಕೆ ಬೀಳಬೇಕು. ರ‍್ಯಾಂಪ್ ಪೂರ್ವಕ್ಕೆ ಮುಖ ಮಾಡಿದ್ದರೆ ಸೂರ್ಯ ಹುಟ್ಟುವ ಹೊತ್ತಿಗೆ ಬೆಳಕು ನೇರ ಕಣ್ಣಿಗೆ ಬೀಳುತ್ತದೆ, ಹಂದಿ ಒಂದು ಹೆಜ್ಜೆಯೂ ಮುಂದಿಡುವುದಿಲ್ಲ. ಹೊಸ ಶೆಡ್ ಕಟ್ಟುವವರು ರ‍್ಯಾಂಪನ್ನು ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿಸಿದರೆ ಈ ತೊಂದರೆಯೇ ಇರುವುದಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಭಾಗದ ರೈತರಿಗೆ ಪ್ರಾಣಿ ಓಡಿಸುವುದು ಹೊಸದಲ್ಲ. ಬೀದರ ಕಡೆ ದೇವಣಿ ದನ, ಯಾದಗಿರಿ ಕಡೆ ಕುರಿ ಹಿಂಡು, ಎಲ್ಲವನ್ನೂ ಕಂಡವರು. ತೊಂದರೆ ಏನೆಂದರೆ ಆ ಅಭ್ಯಾಸ ಹಂದಿಗೆ ಹೊಂದುವುದಿಲ್ಲ. ಕುರಿಯಲ್ಲಿ ಮುಂದಿನದು ಹೋದರೆ ಹಿಂದಿನದೆಲ್ಲಾ ಹೋಗುತ್ತವೆ. ಎತ್ತು ಮೂಗುದಾರಕ್ಕೆ, ಬಾರಕೋಲಿಗೆ ಮಾತು ಕೇಳುತ್ತದೆ. ಹಂದಿಯ ಮೂತಿಗೆ ಹಗ್ಗ ಹಾಕಿ ಮುಂದಕ್ಕೆ ಎಳೆದರೆ ಅದು ಹಿಂದಕ್ಕೇ ಜಗ್ಗುತ್ತದೆ. ಅದರ ಸ್ವಭಾವವೇ ಹಾಗೆ. ಹಿಂದಿನಿಂದ ಹೊಡೆದರೆ ಹೊಡೆದ ಕಡೆಗೇ ತಿರುಗುತ್ತದೆ. ದೊಡ್ಡ ಗುಂಪು ಮಾಡಿ ನೂಕಿದರೆ ಹಿಂದಿನವು ಮುಂದಿನವುಗಳ ಮೇಲೆ ಹತ್ತುತ್ತವೆ, ಬಾಗಿಲಲ್ಲಿ ಎರಡು ಸಿಕ್ಕಿಹಾಕಿಕೊಂಡು ಕಿರಿಚುತ್ತವೆ, ಆ ಕಿರಿಚಾಟಕ್ಕೆ ಉಳಿದವೂ ಹೆದರುತ್ತವೆ. ತಲೆಮಾರುಗಳಿಂದ ಹಂದಿ ಸಾಕಿದ ಕೊರಮ, ಕೊರಚ, ಹಂದಿಜೋಗಿ ಸಮುದಾಯದ ಹಿರಿಯರಿಗೆ ಇದೆಲ್ಲ ಪುಸ್ತಕ ಓದಿ ತಿಳಿಯಬೇಕಾದ್ದಲ್ಲ. ಮೇವಿನ ಡಬ್ಬಿ ಅಲ್ಲಾಡಿಸಿ ಕರೆದರೆ ಹಿಂಬಾಲಿಸಿ ಬರುವ ಹಂದಿಗಳು ಅವರ ಹತ್ತಿರ ಇರುತ್ತವೆ. ಹೊಸದಾಗಿ ಕಸುಬಿಗೆ ಬಂದವರು ಅವರನ್ನು ಕೇಳಿ ಕಲಿಯುವುದಿಲ್ಲ, ತರಬೇತಿಗಳಿಗೆ ಅವರನ್ನು ಯಾರೂ ಕರೆಯುವುದೂ ಇಲ್ಲ. ಇದು ನನಗೆ ಬೇಸರ ತರುವ ವಿಷಯ.

ಒಂದು ಸಲಕ್ಕೆ ಎಷ್ಟು ಹಂದಿ? ನಾಲ್ಕರಿಂದ ಆರು. ಒಂದೇ ಗೂಡಿನಲ್ಲಿ ಬೆಳೆದವು. ಒಂದೇ ಒಂದನ್ನು ಬೇರ್ಪಡಿಸಿ ತಂದರೆ ಗಾಬರಿ ಬೀಳುತ್ತದೆ, ಹದಿನೈದನ್ನು ತಂದರೆ ನಿಮ್ಮ ಕೈಗೆ ಸಿಗುವುದಿಲ್ಲ. ಕೈಯಲ್ಲಿ ಕೋಲಿನ ಬದಲು ಹಲಗೆ ಇರಲಿ. ಎರಡೂವರೆ ಅಡಿ ಎತ್ತರ, ಮೂರಡಿ ಅಗಲದ ಪ್ಲೈವುಡ್, ಮೇಲ್ಗಡೆ ಕೈ ಹಿಡಿಯಲು ಎರಡು ತೂತು. ಹಂದಿಗೆ ಎದುರು ಗೋಡೆ ಕಂಡರೆ ಅದು ಆ ಕಡೆ ನುಗ್ಗುವುದಿಲ್ಲ, ಸಂದು ಕಂಡರೆ ನುಗ್ಗುತ್ತದೆ. ಹಲಗೆ ಅಂದರೆ ಕೈಯಲ್ಲಿ ಹಿಡಿದ ಗೋಡೆ. ಮುಂದಕ್ಕೆ ಹೋಗಲಿ ಅಂದರೆ ಹಂದಿಯ ಭುಜದ ಹಿಂದೆ, ಒಂದು ಪಕ್ಕಕ್ಕೆ ನಿಲ್ಲಬೇಕು. ಭುಜದ ಮುಂದೆ ನಿಂತರೆ ಅದು ಹಿಂದಕ್ಕೆ ಹೋಗುತ್ತದೆ. ನೇರ ಬೆನ್ನ ಹಿಂದೆ ನಿಂತರೆ ನೀವು ಅದಕ್ಕೆ ಕಾಣುವುದೇ ಇಲ್ಲ, ನೋಡಲು ತಿರುಗುತ್ತದೆ. ಒಂದೇ ಒಂದು ಹೆಜ್ಜೆ ಹತ್ತಿರ ಹೋದರೆ ನಡೆಯುತ್ತದೆ, ನಡೆದ ಕೂಡಲೇ ನೀವು ನಿಲ್ಲಬೇಕು. ಕೂಗಾಟ ಬೇಡ, ಶಿಳ್ಳೆ ಬೇಡ. ಕರೆಂಟು ಕೋಲಂತೂ ಬೇಡವೇ ಬೇಡ, ಅದು ಹಂದಿಯನ್ನು ಬೇಗ ಏರಿಸಿದಂತೆ ಕಂಡರೂ ಬಾಯಿ ತೆರೆದು ಉಸಿರಾಡುವ ಹಂದಿಗಳ ಸಂಖ್ಯೆ ಹೆಚ್ಚುತ್ತದೆ.

ನೆಲದ ಮಾತಿಗೆ ಬರೋಣ, ನಮ್ಮಲ್ಲಿ ಇದೇ ದೊಡ್ಡ ಕಥೆ. ಈ ಭಾಗದಲ್ಲಿ ಶೆಡ್ ಅಂದರೆ ಶಹಾಬಾದಿ ಫರ್ಸಿ, ಅಂದರೆ ಚಪ್ಪಡಿ ಕಲ್ಲು, ಹಾಸುವುದು ರೂಢಿ. ಅಗ್ಗ, ಹತ್ತಿರದಲ್ಲೇ ಸಿಗುತ್ತದೆ, ತೊಳೆಯಲು ಸುಲಭ. ಆದರೆ ಒದ್ದೆಯಾದ ಫರ್ಸಿಯ ಮೇಲೆ ಹಂದಿಯ ಗೊರಸು ನಿಲ್ಲುವುದಿಲ್ಲ. ಗೂಡಿನೊಳಗೆ ನಿಧಾನಕ್ಕೆ ಓಡಾಡುವಾಗ ಹೇಗೋ ನಡೆಯುತ್ತದೆ. ಲೋಡಿನ ದಿನ ಹೆದರಿ ಓಡುವಾಗ ಹಿಂಗಾಲು ಎರಡೂ ಕಡೆ ಜಾರಿ ಸೀಳಿದಂತಾಗಿ, ಸೊಂಟ ಹೋಗುತ್ತದೆ. ಆ ಹಂದಿ ಮತ್ತೆ ಏಳುವುದಿಲ್ಲ. ಒಮ್ಮೆ ಜಾರಿದ ಹಂದಿ, ಕಾಲಿಗೆ ಏನೂ ಆಗದಿದ್ದರೂ, ಆ ದಾರಿಯಲ್ಲಿ ಮತ್ತೆ ಹೆಜ್ಜೆ ಇಡಲು ಒಲ್ಲೆ ಅನ್ನುತ್ತದೆ. ಕನಿಷ್ಠ ಗೂಡಿನಿಂದ ಗಾಡಿಯವರೆಗಿನ ಓಣಿಯಲ್ಲಾದರೂ ಫರ್ಸಿ ಬೇಡ. ಸಿಮೆಂಟು ಹಾಕಿ, ಹಸಿ ಇರುವಾಗಲೇ ಕಸಬರಿಗೆಯಿಂದ ಗೀರಿ ಒರಟು ಮಾಡಿ. ಫರ್ಸಿ ಹಾಕಿ ಆಗಿದೆ ಅನ್ನುವವರು ಉಳಿಯಿಂದ ಕಚ್ಚು ಹಾಕಿಸಬಹುದು. ಅದೂ ಆಗದಿದ್ದರೆ ಲೋಡಿನ ದಿನ ದಾರಿಯುದ್ದಕ್ಕೂ ಮರಳೋ, ಶಹಾಪುರ ಸುರಪುರ ಕಡೆಯಿಂದ ತಂದ ಭತ್ತದ ಹೊಟ್ಟೋ ಚೆಲ್ಲಿ. ಬೀದರ ಕಡೆಯವರಿಗೆ ಕಬ್ಬಿನ ರವದಿ (ಒಣ ಎಲೆ) ಇದೆ. ಯಾವುದೇ ಇರಲಿ, ಒಂದೇ ಬಗೆಯದನ್ನು ಗೂಡಿನ ಬಾಗಿಲಿಂದ ಗಾಡಿಯ ಒಳಗಿನವರೆಗೂ ಹಾಸಿ. ನೆಲದ ಬಣ್ಣ ಒಂದೇ ಆಗಿರುವುದರಿಂದ ಹಂದಿ ನಿಂತು ನೋಡುವ ಗೆರೆಗಳೂ ಮುಚ್ಚಿಹೋಗುತ್ತವೆ.

ರ‍್ಯಾಂಪಿನ ಏರು 20 ಡಿಗ್ರಿ ದಾಟಬಾರದು. ಡಿಗ್ರಿ ಲೆಕ್ಕ ತಲೆಗೆ ಹತ್ತದಿದ್ದರೆ ಹೀಗೆ ನೆನಪಿಡಿ: ಗಾಡಿಯ ಪಾಟಾ, ಅಂದರೆ ಹಂದಿ ನಿಲ್ಲುವ ತಳ, ನೆಲದಿಂದ ಎಷ್ಟು ಎತ್ತರವೋ ಅದರ ಮೂರು ಪಟ್ಟು ಉದ್ದದ ರ‍್ಯಾಂಪ್ ಬೇಕು, ನಾಲ್ಕು ಪಟ್ಟು ಇದ್ದರೆ ಇನ್ನೂ ಒಳ್ಳೆಯದು. ಪಿಕಪ್ಪಿನ ಪಾಟಾ ಎರಡೂವರೆ ಅಡಿ ಇದ್ದರೆ ಏಳೂವರೆಯಿಂದ ಹತ್ತು ಅಡಿ. ನಮ್ಮಲ್ಲಿ ಏನು ಮಾಡುತ್ತಾರೆ ಅಂದರೆ ನಾಲ್ಕಡಿಯ ಒಂದು ಬಾಗಿಲು ಹಲಗೆ ತಂದು ಗಾಡಿಗೆ ಒರಗಿಸುತ್ತಾರೆ. ಅದು ಏಣಿಯೇ ಸರಿ, ಅದನ್ನು ಹಂದಿ ಹತ್ತಬೇಕೆಂದು ಬಯಸುವುದು ಹೇಗೆ? ಹಲಗೆಯ ಮೇಲೆ 20 ಸೆಂಟಿಮೀಟರಿಗೊಂದರಂತೆ ಅಡ್ಡಪಟ್ಟಿ ಹೊಡೆದರೆ ಗೊರಸಿಗೆ ಹಿಡಿತ ಸಿಗುತ್ತದೆ. ಎರಡೂ ಪಕ್ಕ ತಗಡೋ ಪ್ಲೈವುಡ್ಡೋ ಹಾಕಿ ಪೂರ್ತಿ ಮುಚ್ಚಿ, ಸರಳಿನ ಸಂದಿಯಿಂದ ಹೊರಗೆ ಜನ ಕಾಣಬಾರದು. ಅಗಲದ ಬಗ್ಗೆ ಜನ ತಪ್ಪುವುದು ಜಾಸ್ತಿ: ಒಂದೇ ಹಂದಿ ಹೋಗುವಷ್ಟು ಕಿರಿದಾಗಿರಲಿ, ಇಲ್ಲವೇ ಎರಡು ಜೊತೆಯಾಗಿ ಹೋಗುವಂತೆ ಮೂರಡಿ ಇರಲಿ. ನಡುವಿನ ಎರಡಡಿ ಅಗಲ ಇಟ್ಟರೆ ಎರಡು ಒಟ್ಟಿಗೆ ನುಗ್ಗಿ ಸಿಕ್ಕಿಕೊಳ್ಳುವುದು ಗ್ಯಾರಂಟಿ. ಜೋಡಿಯಾಗಿ ಹೋಗುವ ದಾರಿಯೇ ನನಗೆ ಮೇಲು ಅನ್ನಿಸುತ್ತದೆ, ಪಕ್ಕದಲ್ಲಿ ಇನ್ನೊಂದು ಹಂದಿ ಇದ್ದರೆ ಅವಕ್ಕೆ ಧೈರ್ಯ. ಕೊನೆಗೆ, ಹಲಗೆಗೂ ಗಾಡಿಗೂ ನಡುವೆ ಉಳಿಯುವ ಸಂದು. ಮೂರು ಇಂಚಿನ ಸಂದು ಸಾಕು ಕಾಲು ಮುರಿಯಲು. ಒಂದು ತುಂಡು ರಬ್ಬರ್ ಮ್ಯಾಟ್ ಮುಚ್ಚಿದರೆ ಮುಗಿಯಿತು. ಇನ್ನೂ ಒಳ್ಳೆಯ ದಾರಿ ಇದೆ: ಜಾಗ ಇಳಿಜಾರಾಗಿದ್ದರೆ ಗಾಡಿ ನಿಲ್ಲುವ ಕಡೆ ನೆಲ ತಗ್ಗಿಸಿ, ಶೆಡ್ಡಿನ ಮಟ್ಟಕ್ಕೇ ಪಾಟಾ ಬರುವಂತೆ ಮಾಡುವುದು. ಏರೇ ಇಲ್ಲ.

ಈಗ ವ್ಯಾಪಾರದ ಮಾತು. ಇದನ್ನು ಬಿಟ್ಟು ರ‍್ಯಾಂಪ್ ಬಗ್ಗೆ ಮಾತ್ರ ಮಾತಾಡಿದರೆ ಪ್ರಯೋಜನವಿಲ್ಲ. ಹಂದಿ ಮಾರುವುದು ಜೀವಂತ ತೂಕದ ಮೇಲೆ. ಹಾಗಾಗಿ ತೂಕದ ಕಾಟಾ ಮೇಲೆ ನಿಲ್ಲಿಸುವ ಮೊದಲು ಹೊಟ್ಟೆ ತುಂಬಾ ತಿನ್ನಿಸುವ ಆಸೆ ಯಾರಿಗಾದರೂ ಆಗುತ್ತದೆ. ಎರಡು ಕಿಲೋ ಹೆಚ್ಚು ಬಂತು ಅಂತ ಸಮಾಧಾನ. ಆದರೆ ತುಂಬಿದ ಹೊಟ್ಟೆ ಹೃದಯ ಶ್ವಾಸಕೋಶವನ್ನು ಒತ್ತುತ್ತದೆ, ಗಾಡಿ ಕುಲುಕಾಟಕ್ಕೆ ವಾಂತಿ ಆಗುತ್ತದೆ, ಸೆಕೆಯಲ್ಲಿ ಸಾಯುವವುಗಳಲ್ಲಿ ಇವೇ ಮೊದಲು. ಕಡಿಯುವಾಗ ಕರುಳು ಒಡೆದು ಮಾಂಸವೂ ಹೊಲಸಾಗುತ್ತದೆ. ಕಡಿಯುವುದಕ್ಕೆ 12ರಿಂದ 18 ಗಂಟೆ ಮೊದಲೇ ಮೇವು ನಿಲ್ಲಬೇಕು, ಪ್ರಯಾಣದ ಹೊತ್ತೂ ಇದರಲ್ಲೇ ಸೇರುತ್ತದೆ. ನೀರು ಮಾತ್ರ ಗಾಡಿ ಏರುವವರೆಗೂ ಇರಬೇಕು. ಹಾಗಾದರೆ ರೈತ ಆ ತೂಕ ಯಾಕೆ ಕಳೆದುಕೊಳ್ಳಬೇಕು ಅಂತ ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ಉತ್ತರ ದರದಲ್ಲಿರಬೇಕು. ಖಾಲಿ ಹೊಟ್ಟೆಯ ತೂಕಕ್ಕೆ ಒಂದು ದರ, ತುಂಬಿದ ಹೊಟ್ಟೆಯ ತೂಕಕ್ಕೆ ಅದಕ್ಕಿಂತ ಕಡಿಮೆ ದರ ಅಂತ ವ್ಯಾಪಾರಿಯೇ ಮೊದಲು ಹೇಳಿದರೆ ಯಾರೂ ತಿನ್ನಿಸುವುದಿಲ್ಲ. ಈಗ ಇಬ್ಬರೂ ಒಬ್ಬರನ್ನೊಬ್ಬರು ನಂಬದೆ, ಹಂದಿಯ ಹೊಟ್ಟೆಯಲ್ಲಿ ಲೆಕ್ಕ ಸರಿ ಮಾಡಿಕೊಳ್ಳಲು ನೋಡುತ್ತಿದ್ದಾರೆ.

ಇನ್ನೊಂದು, ಸತ್ತರೆ ಯಾರ ತಲೆಗೆ? ಇದು ಬಾಯಿಮಾತಿನಲ್ಲೂ ಸ್ಪಷ್ಟ ಇರುವುದಿಲ್ಲ. ತೂಕ ಆಗಿ ದುಡ್ಡು ಎಣಿಸಿದ ಮೇಲೆ ಹಂದಿ ವ್ಯಾಪಾರಿಯದು ಅಂತಾದರೆ ರೈತನಿಗೆ ಲೋಡಿಂಗ್ ಚಿಂತೆ ಇಲ್ಲ. ದಾರಿಯಲ್ಲಿ ಸತ್ತದ್ದನ್ನು ರೈತನ ಲೆಕ್ಕದಲ್ಲಿ ಕಳೆಯುತ್ತಾರೆ ಅಂತಾದರೆ ಡ್ರೈವರನಿಗೆ ಚಿಂತೆ ಇಲ್ಲ. ಹಮಾಲರಿಗೆ ಕೂಲಿ ಗಾಡಿ ಲೆಕ್ಕ, ಬೇಗ ಮುಗಿದರೆ ಇನ್ನೊಂದು ಗಾಡಿ. ಅಂದರೆ ನಿಧಾನಕ್ಕೆ ಏರಿಸುವುದರಲ್ಲಿ ಅಲ್ಲಿರುವ ಯಾರಿಗೂ ಲಾಭ ಇಲ್ಲ, ಅವಸರಕ್ಕೆ ಮಾತ್ರ ಲಾಭ ಇದೆ. ನಾನು ಹಮಾಲರನ್ನು ದೂರುತ್ತಿಲ್ಲ, ಅವರ ಹೊಟ್ಟೆಪಾಡಿನ ಲೆಕ್ಕ ಹಾಗಿದೆ. ಕೂಲಿಯ ಜೊತೆ "ಒಂದೂ ಸಾಯದೆ, ಒಂದೂ ಕುಂಟದೆ ಏರಿದರೆ ಇಷ್ಟು ಜಾಸ್ತಿ" ಅಂತ ಸೇರಿಸಿ ನೋಡಿ. ಒಂದು ಹಂದಿಯ ಬೆಲೆಯ ಮುಂದೆ ಆ ದುಡ್ಡು ಏನೂ ಅಲ್ಲ. ವ್ಯಾಪಾರಿ ಫೋನ್ ಮಾಡಿದಾಗಲೇ ನಾಲ್ಕು ಮಾತು ಆಗಿಹೋಗಲಿ: ಗಾಡಿ ಎಷ್ಟು ಗಂಟೆಗೆ, ಎಷ್ಟು ಹಂದಿ, ಮೇವು ಯಾವಾಗ ನಿಂತಿರಬೇಕು, ಸತ್ತರೆ ಯಾರದು. ವಾಟ್ಸಾಪಿನಲ್ಲಿ ಒಂದು ಮೆಸೇಜ್ ಇದ್ದರೂ ಸಾಕು.

ಎಷ್ಟು ಹಂದಿ ಅನ್ನುವುದಕ್ಕೆ ಕಾನೂನೇ ಉತ್ತರ ಕೊಟ್ಟಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ ಪ್ರಾಣಿ ಸಾಗಿಸುವ ಗಾಡಿಯಲ್ಲಿ ಒಂದು ಹಂದಿಗೆ 0.6 ಚದರ ಮೀಟರ್ ಜಾಗ ಬೇಕು, ಕುರಿ ಮೇಕೆಗೆ 0.3. ಅಡಿ ಲೆಕ್ಕದಲ್ಲಿ ಹಂದಿಗೆ ಸುಮಾರು ಆರೂವರೆ ಚದರ ಅಡಿ. ಎಂಟೂವರೆ ಅಡಿ ಉದ್ದ, ಐದೂವರೆ ಅಡಿ ಅಗಲದ ಪಿಕಪ್ ಡಬ್ಬಿಯಲ್ಲಿ ಏಳು ಹಂದಿ, ಅಷ್ಟೇ. ಅದರಲ್ಲಿ ಹನ್ನೆರಡು ತುರುಕಿದರೆ ಮಲಗಲು ಜಾಗ ಇಲ್ಲ, ಒಂದರ ಬಿಸಿ ಇನ್ನೊಂದಕ್ಕೆ. ದೊಡ್ಡ ಗಾಡಿಯಲ್ಲಿ ಕಡಿಮೆ ಹಂದಿ ಇದ್ದರೆ ನಡುವೆ ತಡಿಕೆ ಹಾಕಿ, ಇಲ್ಲದಿದ್ದರೆ ಬ್ರೇಕು ಹಾಕಿದಾಗೆಲ್ಲ ಉರುಳುತ್ತವೆ. ಬೇರೆ ಬೇರೆ ಗೂಡಿನವನ್ನು ಬೆರೆಸಬೇಡಿ, ಗುರುತಿಲ್ಲದ ಹಂದಿಗಳು ಗಾಡಿಯಲ್ಲೇ ಕಚ್ಚಾಡುತ್ತವೆ. 1978ರ ಪ್ರಾಣಿ ಸಾಗಾಣಿಕೆ ನಿಯಮಗಳಿಗೆ 2001ರಲ್ಲಿ ಹಂದಿಗಳಿಗಾಗಿಯೇ ಒಂದು ಅಧ್ಯಾಯ ಸೇರಿತು. ಪ್ರಯಾಣಕ್ಕೆ ಯೋಗ್ಯ, ಅಂಟುರೋಗ ಇಲ್ಲ ಅಂತ ಪಶುವೈದ್ಯರ ಸರ್ಟಿಫಿಕೇಟ್ ಗಾಡಿಯಲ್ಲಿರಬೇಕು. ಕಾಲು ಕಟ್ಟಿ ಹಾಕುವಂತಿಲ್ಲ. ನಾಲ್ಕೂ ಕಾಲು ಬಿಗಿದು ಬಡಿಗೆಗೆ ನೇತುಹಾಕಿ ತರುವುದು ಈಗಲೂ ಅಲ್ಲಲ್ಲಿ ಕಾಣುತ್ತದೆ. ಅದು ನಿಯಮಕ್ಕೂ ವಿರುದ್ಧ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಅದನ್ನು ನೋಡುವುದಕ್ಕೇ ಆಗುವುದಿಲ್ಲ.

ಮನುಷ್ಯರ ಕೈಕಾಲಿನ ವಿಷಯ ಬಿಡುವಂತಿಲ್ಲ. 100 ಕಿಲೋ ಪ್ರಾಣಿ ತಗ್ಗಾಗಿ ನುಗ್ಗಿ ಬಂದರೆ ಪೆಟ್ಟು ಬೀಳುವುದು ಮಂಡಿಗೆ. ಗೋಡೆಗೂ ಹಂದಿಗೂ ನಡುವೆ ಎಂದೂ ನಿಲ್ಲಬೇಡಿ. ತಿರುಗಿ ನುಗ್ಗಿದ ಹಂದಿಯನ್ನು ತಡೆಯಲು ಹೋಗದೆ ಬಿಟ್ಟುಬಿಡಿ, ಮುಂದಿನ ಗುಂಪಿನ ಜೊತೆ ಬರುತ್ತದೆ. ಗಂಡು ಹಂದಿಯ ಕೋರೆ ತೊಡೆ ಸೀಳಬಲ್ಲದು, ಅದನ್ನು ಬೇರೆಯಾಗಿಯೇ ಏರಿಸಿ. ಚಪ್ಪಲಿ ಹಾಕಿಕೊಂಡು ಲೋಡಿಂಗ್ ಬೇಡ, ಗಮ್‌ಬೂಟ್ ಬೇಕು. ಮೂತ್ರ ನಿಂತ ನೀರಿನಿಂದ ಇಲಿ ಜ್ವರ ಅಂಟಬಹುದು, ಕಾಲಿನಲ್ಲಿ ಗಾಯ ಇದ್ದವರು ದೂರ ಇರುವುದೇ ಒಳ್ಳೆಯದು. ಮಕ್ಕಳು ನೋಡಲು ಓಡಿ ಬರುತ್ತಾರೆ, ಅವರನ್ನು ಮನೆಯೊಳಗೆ ಕಳಿಸಿ. ಯಾರಾದರೊಬ್ಬರು, ಮನೆಯ ಹಿರಿಯರೋ ಅನುಭವ ಇದ್ದವರೋ, "ತಡಿರಪ್ಪಾ, ಒಂದೀಟು ನಿಂದ್ರಲಿ ಅದು" ಅಂತ ಹೇಳಿದರೆ ಉಳಿದವರು ನಿಲ್ಲಬೇಕು. ನಾಲ್ಕು ಮಂದಿ ನಾಲ್ಕು ಕಡೆಯಿಂದ ಕೂಗುವ ಕಡೆಯೇ ಅಪಘಾತ ಆಗುವುದು.

ಗಾಡಿ ರೋಗವನ್ನೂ ತರುತ್ತದೆ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲದ ಮೂಲಕ ದೇಶದೊಳಗೆ ಬಂದಿತು. ಮನುಷ್ಯರಿಗೆ ಅಂಟುವುದಿಲ್ಲ, ಆದರೆ ಹಂದಿಗೆ ಔಷಧಿ ಇಲ್ಲ. ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಹೋಗುವ ವ್ಯಾಪಾರಿಯ ಗಾಡಿಯ ಸಗಣಿ, ರಕ್ತ, ಡ್ರೈವರನ ಬೂಟು, ಇವೇ ಸಾಕು. ಹಾಗಾಗಿ ರ‍್ಯಾಂಪಿನ ತುದಿಯಲ್ಲಿ ಒಂದು ಗೆರೆ ಎಳೆಯಿರಿ. ಡ್ರೈವರ್ ಆ ಗೆರೆ ದಾಟಿ ಶೆಡ್ಡಿಗೆ ಬರುವಂತಿಲ್ಲ, ನಿಮ್ಮವರು ಗಾಡಿಯೊಳಗೆ ಹತ್ತುವಂತಿಲ್ಲ, ಗೆರೆ ದಾಟಿದ ಹಂದಿ ಯಾವ ಕಾರಣಕ್ಕೂ ವಾಪಸ್ ಗೂಡಿಗೆ ಬರುವಂತಿಲ್ಲ. ಗಾಡಿ ತೊಳೆದು, ಒಣಗಿಸಿ, ಔಷಧಿ ಸಿಂಪಡಿಸಿ ಬಂದಿದೆಯೇ ಅಂತ ನೋಡದೆ ಗೇಟು ತೆಗೆಯಬೇಡಿ. ರಸ್ತೆಗೆ ಹತ್ತಿರವಾಗಿ, ಗೂಡುಗಳಿಂದ ದೂರವಾಗಿ ರ‍್ಯಾಂಪ್ ಕಟ್ಟಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಲೋಡ್ ಆದ ಮೇಲೆ ಗಾಡಿ ಹೊರಡಲೇಬೇಕು. ಓಡುವ ಗಾಡಿಯಲ್ಲಿ ಗಾಳಿ ಆಡುತ್ತದೆ, ನಿಂತ ಗಾಡಿಯೊಳಗೆ ಬಿಸಿ ನಿಮಿಷನಿಮಿಷಕ್ಕೂ ಏರುತ್ತದೆ. ಹುಮನಾಬಾದ್ ದಾಟಿ ಹೈದರಾಬಾದ್ ಕಡೆ ಹೋಗುವ ಹೆದ್ದಾರಿಯ ಧಾಬಾ ಮುಂದೆ ಊಟಕ್ಕೆ ಅರ್ಧ ಗಂಟೆ ನಿಂತರೆ, ಒಳಗಿರುವವಕ್ಕೆ ಅದು ಸಾವಿನ ಅರ್ಧ ಗಂಟೆ. ಡ್ರೈವರ್ ಊಟ, ಡೀಸೆಲ್, ಕಾಗದಪತ್ರ ಎಲ್ಲವನ್ನೂ ಹಂದಿ ಏರಿಸುವ ಮೊದಲೇ ಮುಗಿಸಿರಲಿ. ಬೇಸಿಗೆಯಲ್ಲಿ ನೆಲಕ್ಕೆ ಒದ್ದೆ ಮರಳು ಅಥವಾ ಒದ್ದೆ ಹೊಟ್ಟು, ಮೇಲೆ ನೆರಳಿಗೆ ತಾಡಪಾಲು, ಪಕ್ಕಗಳು ಮಾತ್ರ ತೆರೆದಿರಬೇಕು.

ಅಮೆರಿಕದಲ್ಲಿ ಒಂದೇ ಟ್ರೇಲರಿನಲ್ಲಿ ಒಂದೂವರೆ ನೂರಕ್ಕೂ ಹೆಚ್ಚು ಹಂದಿ ಹೋಗುತ್ತವೆ, ಒಂದೊಂದೂ 125 ಕಿಲೋ ಆಸುಪಾಸು. ಅಲ್ಲಿ ಸಾಗಾಣಿಕೆಯಲ್ಲಿ ಸಾಯುವವು ಸಾವಿರಕ್ಕೆ ಎರಡು ಮೂರು. ಡ್ರೈವರುಗಳಿಗೂ ಲೋಡ್ ಮಾಡುವವರಿಗೂ ತರಬೇತಿ, ಸರ್ಟಿಫಿಕೇಟು ಇದೆ, ಸತ್ತದ್ದನ್ನೆಲ್ಲ ಬರೆದಿಡುತ್ತಾರೆ. ಎಲ್ಲ ಸರಿ ಮಾಡಿದರೂ ಒಂದು ಶೆಡ್ಡಿನ ಹಂದಿಗಳೇ ಪದೇಪದೇ ಸಾಯುತ್ತಿದ್ದರೆ ತಳಿಯನ್ನು ಅನುಮಾನಿಸುತ್ತಾರೆ. ಒತ್ತಡ ತಡೆಯಲಾಗದೆ ಮೈ ಬಿಸಿಯೇರಿ ಸಾಯುವ ದೋಷ ಒಂದು ಜೀನಿನಲ್ಲಿದೆ ಅಂತ 1991ರಲ್ಲಿ ಕೆನಡಾದ ವಿಜ್ಞಾನಿಗಳು ಕಂಡುಹಿಡಿದರು, ಅದಕ್ಕೆ ಪರೀಕ್ಷೆಯೂ ಇದೆ. ಅಲ್ಲಿಯ ದೊಡ್ಡ ವ್ಯವಸ್ಥೆ ನಮಗೆ ಬೇಕಾಗಿಲ್ಲ. ಬರೆದಿಡುವ ಅಭ್ಯಾಸ ಒಂದು ಬೇಕು. ದಿನಾಂಕ, ಹೊತ್ತು, ಬಿಸಿಲು, ಎಷ್ಟು ಏರಿದವು, ಎಷ್ಟು ಬಾಯಿ ತೆರೆದು ಉಸಿರಾಡಿದವು, ಎಷ್ಟು ಕುಂಟಿದವು. ಒಂದು ನೋಟ್‌ಬುಕ್ ಸಾಕು.

ಸರ್ಕಾರದ ಕಡೆಯಿಂದ ಆಗಬೇಕಾದ್ದು ಒಂದಿದೆ. ರಾಷ್ಟ್ರೀಯ ಜಾನುವಾರು ಮಿಷನ್ 2021-22ರಿಂದ ಹಂದಿ ಸಾಕಣೆಗೆ ಶೇ 50ರಷ್ಟು ಸಬ್ಸಿಡಿ ಕೊಡುತ್ತಿದೆ, 100 ಹೆಣ್ಣು 10 ಗಂಡು ಹಂದಿಯ ಘಟಕಕ್ಕೆ 30 ಲಕ್ಷ ರೂಪಾಯಿವರೆಗೆ. ಅಷ್ಟು ದುಡ್ಡಿನ ಯೋಜನಾ ವರದಿ ಮಾಡಿಸುವಾಗ ಗೂಡಿನ ಅಳತೆ, ನೀರಿನ ತೊಟ್ಟಿ, ಮೇವಿನ ಕೋಣೆ ಎಲ್ಲ ನಕ್ಷೆಯಲ್ಲಿ ಬರುತ್ತವೆ. ಅದೇ ನಕ್ಷೆಯಲ್ಲಿ ಲೋಡಿಂಗ್ ಓಣಿ, ರ‍್ಯಾಂಪ್, ಗಾಡಿ ನಿಲ್ಲುವ ಜಾಗ ಇದೆಯೇ ಅಂತ ಪಶುಪಾಲನಾ ಇಲಾಖೆಯವರು ಕೇಳಲಿ, ಇಲ್ಲದಿದ್ದರೆ ವಾಪಸ್ ಕಳಿಸಲಿ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಬೀದರಿನ ನಂದಿನಗರದಲ್ಲೇ, ನಮ್ಮ ಮನೆ ಬಾಗಿಲಲ್ಲಿ. ಅಲ್ಲಿ ಒಂದು ಮಾದರಿ ರ‍್ಯಾಂಪ್ ಕಟ್ಟಿ, ಬೇಸಿಗೆ ಶುರುವಾಗುವ ಮೊದಲು ಸಾಕುವವರು, ವ್ಯಾಪಾರಿಗಳು, ಡ್ರೈವರುಗಳು, ಹಮಾಲರು ಎಲ್ಲರನ್ನೂ ಕರೆದು, ಹಂದಿಜೋಗಿ ಹಿರಿಯರ ಕೈಗೇ ಹಲಗೆ ಕೊಟ್ಟು, ಆರು ಹಂದಿಯನ್ನು ಒಂದು ಏಟೂ ಹಾಕದೆ ಏರಿಸಿ ತೋರಿಸಿದರೆ ಒಂದು ಬೆಳಗ್ಗೆ ಸಾಕಾಗುತ್ತದೆ. ಅಲ್ಲಿಯವರೆಗೆ, ಲೋಡಿನ ದಿನ ಹಂದಿ ಬಿದ್ದರೆ ಅಥವಾ ಬಾಯಿ ತೆರೆದು ಕೂತರೆ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಕರೆಯುವ ನಂಬರ್ ಅದು. ಅದನ್ನು ದೊಡ್ಡದಾಗಿ ಶೆಡ್ಡಿನ ಗೋಡೆ ಮೇಲೆ ಬರೆಸಿಡಿ, ಗಾಡಿ ನಿಲ್ಲುವ ಕಡೆಯ ಗೋಡೆಯ ಮೇಲೆಯೇ.